ಬರೆದ ಅಕ್ಷರ, ಓದಿದ ಸ್ವರ: ತುರ್ಕಿ ಅಧ್ಯಯನದ ಒಂದು ಸ್ನಾತಕೋತ್ತರ ಸಂಪ್ರಬಂಧ ಮತ್ತು ಅದರ ಆಕರಗಳ ಚರಿತ್ರೆ

ತುರ್ಕಿ ಭಾಷೆಯಲ್ಲಿ 'ಆಯಿತು' ಎಂಬರ್ಥದ ಕ್ರಿಯಾರೂಪವೂ 'ಸತ್ತನು' ಎಂಬರ್ಥದ ಕ್ರಿಯಾರೂಪವೂ ಕೇಳುವವನಿಗೆ ಎಂದೂ ಗೊಂದಲ ಹುಟ್ಟಿಸುವುದಿಲ್ಲ. ಮೊದಲನೆಯದರ ಎರಡು ಸ್ವರಗಳೂ ಪಶ್ಚ ಗೋಲ ಸ್ವರಗಳು. ಎರಡನೆಯದರವು ಅಗ್ರ ಗೋಲ ಸ್ವರಗಳು. ಆದರೆ 1928ರವರೆಗೆ ಬಳಕೆಯಲ್ಲಿದ್ದ ಅರಬ್ಬಿ ಲಿಪಿಯಲ್ಲಿ ಈ ಎರಡು ರೂಪಗಳ ಬರಹ ಒಂದೇ: ಅಲಿಫ್, ವಾವ್, ಲಾಮ್, ದಾಲ್, ಯೇ. ಸುಲ್ತಾನನು ಸಂತುಷ್ಟನಾದನೋ ಸತ್ತನೋ ಎಂಬುದನ್ನು ಓದುಗನು ವಾಕ್ಯದ ಸಂದರ್ಭದಿಂದಲೇ ತಿಳಿದುಕೊಳ್ಳಬೇಕು. ಈ ಉದಾಹರಣೆಯನ್ನು ಕನ್ನಡದಲ್ಲಿ ಬರೆಯಹೊರಟರೆ ನಮಗೂ ಅದೇ ಸೋಲು ಎದುರಾಗುತ್ತದೆ. ಕನ್ನಡ ಲಿಪಿಯಲ್ಲಿ ಅಗ್ರ ಗೋಲ ಸ್ವರಗಳಿಗೆ ಅಕ್ಷರವಿಲ್ಲವಾದ್ದರಿಂದ ಎರಡನ್ನೂ 'ಒಲ್ದು' ಎಂದೇ ಬರೆಯಬೇಕಾಗುತ್ತದೆ. ಅಗೋಲವಾದ ಪಶ್ಚ ಉಚ್ಚ ಸ್ವರಕ್ಕೂ ನಮ್ಮಲ್ಲಿ ಅಕ್ಷರವಿಲ್ಲ. 'ಬಾಗಿಲು' ಎಂಬರ್ಥದ ತುರ್ಕಿ ಪದವನ್ನು ಕನ್ನಡದಲ್ಲಿ ಬರೆದರೆ ಅದು 'ಕಪಿ' ಆಗಿಬಿಡುತ್ತದೆ. ಈ ಲೇಖನದುದ್ದಕ್ಕೂ ಅಂತಹ ಕಡೆಗಳಲ್ಲಿ ಸ್ವರದ ಸ್ವರೂಪವನ್ನು ಮಾತಿನಲ್ಲಿ ವಿವರಿಸಿದ್ದೇವೆ.

'ಆಯಿತು–ಸತ್ತನು' ಜೋಡಿ ಪಾಠಪುಸ್ತಕಗಳ ನೆಚ್ಚಿನ ಉದಾಹರಣೆ. ನಮಗೆ ಅದರಲ್ಲಿ ಮುಖ್ಯವಾದದ್ದು ಮೊದಲ ಸ್ವರವಲ್ಲ, ಕಡೆಯ ಅಕ್ಷರ. ಇಂದಿನ ಉಚ್ಚಾರದಲ್ಲಿ ಪದ ಮುಗಿಯುವುದು ಗೋಲ ಸ್ವರದಲ್ಲಿ. ಬರಹದಲ್ಲಿ ಇರುವುದು ಅಗೋಲ ಸ್ವರವನ್ನು ಸೂಚಿಸುವ 'ಯೇ'. ಹಾಗಾದರೆ 1650ರ ಸುಮಾರಿನ ಒಬ್ಬ ಲಿಪಿಕಾರ ಆ ಅಕ್ಷರವನ್ನು ಬರೆದಾಗ ಅವನ ಬಾಯಲ್ಲಿದ್ದ ಸ್ವರ ಯಾವುದು? ಈ ಪ್ರಶ್ನೆಗೆ ಸಂದರ್ಭ ಉತ್ತರ ಕೊಡುವುದಿಲ್ಲ. ನಮ್ಮ ಸ್ನಾತಕೋತ್ತರ ಸಂಪ್ರಬಂಧ ಎಡವಿದ್ದು ಇಲ್ಲಿಯೇ.

1. ಲಿಪಿಯ ಗಡಿ

ಟರ್ಕಿಯ ಮಹಾಸಭೆ 1928ರ ನವೆಂಬರ್ 1ರಂದು 1353ನೆಯ ಸಂಖ್ಯೆಯ ಕಾನೂನನ್ನು ಅಂಗೀಕರಿಸಿ ಲ್ಯಾಟಿನ್ ಮೂಲದ 29 ಅಕ್ಷರಗಳ ಹೊಸ ವರ್ಣಮಾಲೆಯನ್ನು ಜಾರಿಗೆ ತಂದಿತು. 1929ರ ಜನವರಿಯಿಂದ ಹಳೆಯ ಲಿಪಿಯಲ್ಲಿ ತುರ್ಕಿ ಪುಸ್ತಕಗಳನ್ನು ಮುದ್ರಿಸುವುದು ನಿಂತಿತು. ಹೊಸ ವರ್ಣಮಾಲೆಯಲ್ಲಿ ಎಂಟು ಸ್ವರಗಳಿಗೆ ಎಂಟು ಅಕ್ಷರಗಳು. ಧ್ವನಿಮಾ ಮತ್ತು ಅಕ್ಷರಗಳ ನಡುವೆ ಅಷ್ಟು ಬಿಗಿಯಾದ ಹೊಂದಾಣಿಕೆ ಇರುವ ಬರಹ ವ್ಯವಸ್ಥೆಗಳು ವಿರಳ. ಭಾಷಾವಿಜ್ಞಾನಿಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸ. ಆದರೆ ಅದೇ ಹೊತ್ತಿಗೆ, ಹಿಂದಿನ ಶತಮಾನಗಳ ಬರಹವೆಲ್ಲ ಮುಂದಿನ ತಲೆಮಾರಿನ ಪಾಲಿಗೆ ಮುಚ್ಚಿದ ಪೆಟ್ಟಿಗೆಯಾಯಿತು. ಇಂದು ಇಸ್ತಾಂಬುಲಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿ ತನ್ನ ಮುತ್ತಜ್ಜನ ಸಮಾಧಿಯ ಮೇಲಿನ ಬರಹವನ್ನು ಓದಬೇಕಾದರೆ ವಿಶ್ವವಿದ್ಯಾಲಯದಲ್ಲಿ 'ಒಟೊಮನ್ ತುರ್ಕಿ' ಎಂಬ ಹೆಸರಿನ ಪಾಠಕ್ಕೆ ಕೂರಬೇಕು. ಈ ಒಂದು ವಿಷಯದಲ್ಲಿ ಹೊರದೇಶದ ವಿದ್ಯಾರ್ಥಿಗೂ ಅವನಿಗೂ ಹೆಚ್ಚು ಅಂತರವಿಲ್ಲ. ಅದು ನಮಗೆ ಆರಂಭದಲ್ಲಿ ಸ್ವಲ್ಪ ಧೈರ್ಯ ಕೊಟ್ಟಿದ್ದೂ ಹೌದು.

ಲಿಪಿಯ ಜೊತೆಗೆ ಶಬ್ದಕೋಶವೂ ಬದಲಾಯಿತು. 1932ರ ಜುಲೈ 12ರಂದು ಸ್ಥಾಪನೆಯಾದ, ಮುಂದೆ ತುರ್ಕಿ ಭಾಷಾ ಸಂಸ್ಥೆ ಎಂದು ಹೆಸರಾದ ಸಂಘಟನೆಯ ಮೂಲಕ ಅರಬ್ಬಿ–ಫಾರಸಿ ಪದಗಳನ್ನು ತೆಗೆದು ಹಳೆಯ ಅಥವಾ ಹೊಸದಾಗಿ ಕಟ್ಟಿದ ತುರ್ಕಿ ಪದಗಳನ್ನು ತರುವ ಕೆಲಸ ನಡೆಯಿತು. ಇದರ ಪರಿಣಾಮ ಎಷ್ಟೆಂದರೆ, 1924ರ ಸಂವಿಧಾನವನ್ನು 1945ರಲ್ಲಿ ಅರ್ಥ ಬದಲಿಸದೆ ಹೊಸ ತುರ್ಕಿಗೆ ತರಲಾಯಿತು. 1952ರಲ್ಲಿ ಆ ಪಠ್ಯವನ್ನು ಕೈಬಿಟ್ಟು ಮತ್ತೆ 1924ರ ಮಾತುಗಳನ್ನೇ ಜಾರಿಗೊಳಿಸಲಾಯಿತು. ಒಂದೇ ಕಾನೂನು, ಒಂದೇ ದೇಶ, ಎರಡು ಶಬ್ದಕೋಶ. ಹಳೆಯ ಹಸ್ತಾಕ್ಷರವನ್ನು ಓದಲಾರದ, ಓದುವ ಮನಸ್ಸೂ ಇಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು ಎಂದು ಇಂದಿಗೂ ನಮಗನಿಸುತ್ತದೆ. ನಮ್ಮ ಮಾರ್ಗದರ್ಶಕರೂ ಮೊದಲು ಸೂಚಿಸಿದ್ದು ಇಂಥದ್ದೇ ವಿಷಯವನ್ನು. ನಾವು ಒಪ್ಪಲಿಲ್ಲ, ಧ್ವನಿಯ ಚರಿತ್ರೆಯನ್ನೇ ಹಿಡಿಯಬೇಕೆಂಬ ಹಟ ನಮ್ಮದು.

ಊರಿನಲ್ಲಿ ವಿಷಯ ಕೇಳಿದವರು ಬೇರೆಯದನ್ನೇ ನಿರೀಕ್ಷಿಸಿದ್ದರು. ಮೈಸೂರಿನ ಟಿಪ್ಪು ಸುಲ್ತಾನನು 1786ರಲ್ಲಿ ಕಳುಹಿಸಿದ ರಾಯಭಾರಿಗಳು 1787ರಲ್ಲಿ ಇಸ್ತಾಂಬುಲನ್ನು ತಲುಪಿದ್ದರು. ಟಿಪ್ಪು ಮತ್ತು ಒಟೊಮನ್ ಸುಲ್ತಾನರ ನಡುವಿನ ಪತ್ರವ್ಯವಹಾರವನ್ನು ಹಿಕ್ಮೆತ್ ಬಯೂರ್ ಅವರು 1948ರಲ್ಲಿ 'ಬೆಲ್ಲೆತೆನ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಕನ್ನಡ ನಾಡಿನಿಂದ ಹೋದವರು ಅದನ್ನಲ್ಲದೆ ಇನ್ನೇನನ್ನು ಓದಬೇಕು ಎಂಬ ಧಾಟಿ. ವಿಷಯ ಘನವಾದದ್ದೇ, ಆದರೆ ಅದು ಇತಿಹಾಸಕಾರರ ಕೆಲಸ. ಕನ್ನಡಕ್ಕೆ ಬಂದಿರುವ ತುರ್ಕಿ ಮೂಲದ ಪದಗಳೂ (ಫಿರಂಗಿ ಎಂಬರ್ಥದ 'ತೋಪು' ಅವುಗಳಲ್ಲಿ ಒಂದು, ಮರಗಳ ತೋಪಿಗೂ ಅದಕ್ಕೂ ಸಂಬಂಧವಿಲ್ಲ) ಫಾರಸಿ, ಉರ್ದು, ಮರಾಠಿಗಳನ್ನು ದಾಟಿ ಬಂದವು, ತುರ್ಕಿಯ ಸ್ವರಗಳ ಬಗ್ಗೆ ಅವು ಸಾಕ್ಷಿ ಹೇಳಲಾರವು.

2. ಅಧ್ಯಯನ, ಪಠ್ಯ, ಸೂಚಿ

ಟರ್ಕಿಯ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗೆ 'ಯುಕ್ಸೆಕ್ ಲಿಸಾನ್ಸ್' ಎಂದು ಹೆಸರು. ಸಂಪ್ರಬಂಧ ಸಹಿತವಾದದ್ದು ಮತ್ತು ಸಂಪ್ರಬಂಧ ರಹಿತವಾದದ್ದು ಎಂದು ಅದರಲ್ಲಿ ಎರಡು ಬಗೆ. ತುರ್ಕಿ ಭಾಷೆ–ಸಾಹಿತ್ಯ ವಿಭಾಗಗಳ ಸಂಪ್ರಬಂಧಗಳ ಶೀರ್ಷಿಕೆಗಳನ್ನು ಸಾಲಾಗಿ ಓದುತ್ತ ಹೋದರೆ ಆವರಣದೊಳಗೆ ಮೂರು ಪದಗಳು ಮತ್ತೆ ಮತ್ತೆ ಕಾಣುತ್ತವೆ: 'ಇನ್ಜೆಲೆಮೆ, ಮೆತಿನ್, ದಿಜಿನ್' — ಅಧ್ಯಯನ, ಪಠ್ಯ, ಸೂಚಿ. ವಿದ್ಯಾರ್ಥಿಗೆ ಒಂದು ಹಸ್ತಪ್ರತಿಯನ್ನೋ, ಅದರ ಕೆಲವು ಪತ್ರಗಳನ್ನೋ, ಒಂದು ಊರಿನ ಕಾಜಿಯ ನ್ಯಾಯಾಲಯದ ದಾಖಲೆ ಪುಸ್ತಕವನ್ನೋ ವಹಿಸಲಾಗುತ್ತದೆ. ಅವನು ಅದನ್ನು ಲ್ಯಾಟಿನ್ ಅಕ್ಷರಕ್ಕೆ ತರುತ್ತಾನೆ, ಮುಂದೊಂದು ವ್ಯಾಕರಣ ವಿವರಣೆ ಬರೆಯುತ್ತಾನೆ, ಕೊನೆಗೆ ಪ್ರತಿ ಪದವನ್ನೂ ಅದರ ಪ್ರತ್ಯಯ ಸಹಿತ ರೂಪಗಳನ್ನೂ ಸಾಲು ಸಂಖ್ಯೆಯೊಡನೆ ಪಟ್ಟಿ ಮಾಡುತ್ತಾನೆ.

ಈ ಪ್ರಕಾರದ ಬಗ್ಗೆ ಅದೇ ವಿಭಾಗಗಳ ಒಳಗಡೆಯೇ ಅಸಮಾಧಾನವಿದೆ. ಇದು ಕೈಕೆಲಸ, ವಿಚಾರವಿಲ್ಲ, ಸಿದ್ಧಾಂತವಿಲ್ಲ ಎಂಬುದು ದೂರು. ಆಧುನಿಕ ಭಾಷಾವಿಜ್ಞಾನದ ತರಬೇತಿ ಪಡೆದು ಹೋಗಿದ್ದ ನಾವು ಆ ದೂರನ್ನು ಮೊದಲ ವರ್ಷ ಬಹಳ ಉತ್ಸಾಹದಿಂದ ಅನುಮೋದಿಸಿದ್ದೆವು. ಈಗ ಹಾಗೆ ಹೇಳಲು ನಾಲಗೆ ಏಳುವುದಿಲ್ಲ.

ಪ್ರಕಾರದ ಹಿಂದೆ ಗಟ್ಟಿಯಾದ ಪರಂಪರೆಯೊಂದಿದೆ. ಫುಆತ್ ಕೋಪ್ರುಲು ಅವರು 1924ರಲ್ಲಿ ಇಸ್ತಾಂಬುಲಿನಲ್ಲಿ ತುರ್ಕಿ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಲಿಪಿ ಬದಲಾವಣೆಗೆ ಆಗ ಇನ್ನೂ ನಾಲ್ಕು ವರ್ಷ ಬಾಕಿ. 1928ರ ನಂತರ, ಹಿಂದಿನದನ್ನು ಹೊಸ ಅಕ್ಷರಕ್ಕೆ ತರುವುದು ವಿದ್ವತ್ತಿನ ಒಂದು ಶಾಖೆಯಾಗಿ ಉಳಿಯದೆ ಎಲ್ಲ ಶಾಖೆಗಳ ಹೊಸ್ತಿಲಾಯಿತು. ರಷೀತ್ ರಹ್ಮೆತಿ ಅರತ್ ಅವರು 11ನೆಯ ಶತಮಾನದ 'ಕುತದ್ಗು ಬಿಲಿಗ್' ಕಾವ್ಯದ ಪರಿಷ್ಕೃತ ಪಠ್ಯವನ್ನು 1947ರಲ್ಲಿ ಹೊರತಂದರು. ಅವರು 1964ರಲ್ಲಿ ತೀರಿಕೊಂಡರು. ಅದರ ಪದಸೂಚಿ ಅವರ ಶಿಷ್ಯಪರಂಪರೆಯ ವಿದ್ವಾಂಸರ ಕೈಯಲ್ಲಿ ಸಿದ್ಧವಾಗಿ ಮುದ್ರಣ ಕಂಡದ್ದು 1979ರಲ್ಲಿ. ಪಠ್ಯಕ್ಕೂ ಸೂಚಿಗೂ ನಡುವೆ 32 ವರ್ಷ! ಸೂಚಿ ಎಂಬುದು ಕೊನೆಯ ಪುಟಗಳನ್ನು ತುಂಬಿಸುವ ಸಾಮಗ್ರಿಯೆಂದು ತಿಳಿದವರು ಈ ಅಂತರವನ್ನು ಗಮನಿಸಬೇಕು. ಮುಹರ್ರೆಮ್ ಎರ್ಗಿನ್ ಅವರು 'ದೆದೆ ಕೊರ್ಕುತ್' ಕಥೆಗಳನ್ನು ಸಂಪಾದಿಸಿದಾಗ 1958ರ ಮೊದಲ ಸಂಪುಟದಲ್ಲಿ ಪಠ್ಯದ ಜೊತೆಗೆ ಹಸ್ತಪ್ರತಿಯ ಪ್ರತಿಚಿತ್ರಗಳನ್ನೂ ಇಟ್ಟರು. 1963ರ ಎರಡನೆಯ ಸಂಪುಟದಲ್ಲಿ ಸೂಚಿ ಮತ್ತು ವ್ಯಾಕರಣ. ಆ ಕಥೆಗಳ ಎಷ್ಟೋ ಪದಗಳ ಓದು ಇಂದಿಗೂ ವಿವಾದದಲ್ಲಿದೆ. ಸೆಮಿಹ್ ತೆಜ್‌ಜಾನ್ ಅವರು 2001ರಲ್ಲಿ ಆ ಓದುಗಳ ಮೇಲೆ ಒಂದಿಡೀ ಟಿಪ್ಪಣಿಗ್ರಂಥವನ್ನೇ ಬರೆದರು. ಇಂತಹ ವಿವಾದ ನಡೆಯಲು ಸಾಧ್ಯವಾಗುವುದು ಪ್ರತಿಚಿತ್ರ ಎದುರಿಗೆ ಇದ್ದಾಗ ಮಾತ್ರ. ಲ್ಯಾಟಿನ್ ಅಕ್ಷರದ ಪಠ್ಯವಷ್ಟೇ ಇದ್ದರೆ ಓದುಗ ಸಂಪಾದಕನನ್ನು ನಂಬಬೇಕು, ಇಲ್ಲವೇ ಸುಮ್ಮನಿರಬೇಕು.

ನಮ್ಮ ಹಿರಿಯರೂ ಇದೇ ದಾರಿಯಲ್ಲಿ ನಡೆದವರು ಎಂಬುದು ಆಗ ನೆನಪಾಗಲಿಲ್ಲ. ಎ. ಎನ್. ನರಸಿಂಹಯ್ಯನವರು 6 ಮತ್ತು 7ನೆಯ ಶತಮಾನಗಳ ಕನ್ನಡ ಶಾಸನಗಳ ವ್ಯಾಕರಣವನ್ನು (1941) ಬರೆದಾಗಲೂ, ಜಿ. ಎಸ್. ಗಾಯಿಯವರು ಮುಂದಿನ ಮೂರು ಶತಮಾನಗಳ ಶಾಸನಗಳನ್ನು ಆಧರಿಸಿ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು (1946) ಬರೆದಾಗಲೂ ಕೆಲಸ ಮೊದಲಾದದ್ದು ಗೊತ್ತುಪಡಿಸಿದ ಪಠ್ಯರಾಶಿಯಿಂದಲೇ.

3. ಮೂರು ತಿಂಗಳ ಎಣಿಕೆ

ನಮ್ಮ ಪ್ರಶ್ನೆ ಓಷ್ಠ್ಯ ಸ್ವರಸಾಮರಸ್ಯಕ್ಕೆ ಸಂಬಂಧಿಸಿದ್ದು. ಇಂದಿನ ತುರ್ಕಿಯಲ್ಲಿ ಉಚ್ಚ ಸ್ವರವಿರುವ ಪ್ರತ್ಯಯಗಳು ತಮ್ಮ ಹಿಂದಿನ ಸ್ವರವನ್ನು ಅನುಸರಿಸಿ ನಾಲ್ಕು ರೂಪ ತಾಳುತ್ತವೆ: ಅಗ್ರ ಅಥವಾ ಪಶ್ಚ, ಗೋಲ ಅಥವಾ ಅಗೋಲ. 13ರಿಂದ 15ನೆಯ ಶತಮಾನದ ಅನಾತೋಲಿಯಾದ ತುರ್ಕಿಯಲ್ಲಿ ಹೀಗಿರಲಿಲ್ಲ. ಅಗ್ರ–ಪಶ್ಚ ಸಾಮರಸ್ಯ ಇತ್ತು. ಗೋಲತ್ವ ಮಾತ್ರ ಪ್ರತ್ಯಯದ ಸ್ವಂತ ಆಸ್ತಿ. ಭೂತಕಾಲದ ಪ್ರಥಮ ಪುರುಷ ಪ್ರತ್ಯಯ ಸದಾ ಅಗೋಲ, ಉತ್ತಮ ಪುರುಷದ್ದು ಸದಾ ಗೋಲ. 'ಉಳ್ಳ' ಎಂಬರ್ಥದ ತದ್ಧಿತ ಪ್ರತ್ಯಯ ಸದಾ ಗೋಲ, ಪ್ರಶ್ನಾರ್ಥಕ ಸದಾ ಅಗೋಲ. ಕನ್ನಡದ 'ಬಂದು', 'ಹೋಗಿ'ಗಳಂತಹ ಪೂರ್ವಕಾಲಿಕ ಕೃದಂತವನ್ನು ಕಟ್ಟುವ ಪ್ರತ್ಯಯವೂ ಸದಾ ಗೋಲ. ಇಂದು 'ಗೆಲಿಪ್' (ಬಂದು) ಎನ್ನುವುದನ್ನು ಅಂದು 'ಗೆಲುಪ್' ಎನ್ನುತ್ತಿದ್ದರು, ಉಕಾರ ಅಗ್ರವಾದದ್ದು. ಈ ಹಳೆಯ ವ್ಯವಸ್ಥೆ ಮುರಿದು ಇಂದಿನದು ಬಂದದ್ದು ಯಾವಾಗ, ಯಾವ ಪ್ರತ್ಯಯದಲ್ಲಿ ಮೊದಲು, ಯಾವುದರಲ್ಲಿ ಕೊನೆಗೆ — ಇದು ನಾವು ಕೇಳಿಕೊಂಡದ್ದು.

ಅದಕ್ಕಾಗಿ 17ನೆಯ ಶತಮಾನದ ಒಂದು ಗದ್ಯಕೃತಿಯ ಮುದ್ರಿತ ಸಂಪಾದನೆಯನ್ನು ಆರಿಸಿಕೊಂಡೆವು. ಅಚ್ಚುಕಟ್ಟಾದ ಲ್ಯಾಟಿನ್ ಅಕ್ಷರದ ಪುಸ್ತಕ, ಗೌರವಾನ್ವಿತ ಸಂಪಾದಕರು. ಮೂರು ತಿಂಗಳು ಪ್ರತ್ಯಯಗಳನ್ನು ಎಣಿಸಿದೆವು. ಫಲಿತಾಂಶ ಎಷ್ಟು ಚೆಂದವಾಗಿತ್ತೆಂದರೆ ನಾವು ಅನುಮಾನಪಡಬೇಕಿತ್ತು: ಭೂತಕಾಲದ ಪ್ರತ್ಯಯ ಪೂರ್ಣವಾಗಿ ಹೊಸ ವ್ಯವಸ್ಥೆಗೆ ಬಂದಿದೆ, ಕೃದಂತ ಪ್ರತ್ಯಯ ಪೂರ್ಣವಾಗಿ ಹಳೆಯದರಲ್ಲಿಯೇ ನಿಂತಿದೆ, ನಡುವೆ ಉಳಿದವು. ಬದಲಾವಣೆ ಸಮಾಪಕ ಕ್ರಿಯೆಯಿಂದ ಹೊರಟು ಅಸಮಾಪಕ ರೂಪಗಳಿಗೆ ಹರಡಿತು ಎಂಬ ಒಂದು ವಾದವನ್ನೂ ಕಟ್ಟಿ, ನಕ್ಷೆ ಬರೆದು, ಮಾರ್ಗದರ್ಶಕರ ಮೇಜಿನ ಮೇಲಿಟ್ಟೆವು.

ಅವರು ನಕ್ಷೆಯನ್ನು ನೋಡಲಿಲ್ಲ. ಹಸ್ತಪ್ರತಿಯ ಪ್ರತಿಚಿತ್ರ ಎಲ್ಲಿದೆ ಎಂದು ಕೇಳಿದರು. ನಮ್ಮಲ್ಲಿರಲಿಲ್ಲ. ವಾರದ ನಂತರ ಪ್ರತಿಚಿತ್ರ ತಂದು ಇಬ್ಬರೂ ಕೂತು ಮೊದಲ ಎರಡು ಪತ್ರಗಳನ್ನು ಓದಿದೆವು. ಭೂತಕಾಲದ ಪ್ರತ್ಯಯ ಎಲ್ಲೆಲ್ಲೂ 'ದಾಲ್–ಯೇ'. ಹಿಂದಿನ ಸ್ವರ ಗೋಲವಾಗಿರಲಿ ಅಗೋಲವಾಗಿರಲಿ ಬರಹ ಅದೇ. ಕೃದಂತ ಎಲ್ಲೆಲ್ಲೂ 'ವಾವ್–ಬೇ'. ಅರ್ಥಾತ್ ಲಿಪಿಕಾರ ಮುನ್ನೂರು ವರ್ಷ ಹಳೆಯ ಕಾಗುಣಿತವನ್ನು ಕಲಿತಂತೆ ಬರೆದಿದ್ದ, ಅಷ್ಟೆ. ಸಂಪಾದಕರು 'ಯೇ' ಇದ್ದಲ್ಲಿ ಇಂದಿನ ಉಚ್ಚಾರದಂತೆ ಸ್ವರ ಬರೆದು, 'ವಾವ್' ಇದ್ದಲ್ಲಿ ಅಕ್ಷರವನ್ನು ಉಳಿಸಿಕೊಂಡಿದ್ದರು. ಕಣ್ಣಿಗೆ ಕಾಣುವ 'ವಾವ್' ಅನ್ನು ಅಗೋಲವಾಗಿ ಓದುವುದಕ್ಕೆ ಮನಸ್ಸು ಬಾರದಿದ್ದುದು ಸಹಜ. ಪುಸ್ತಕದ ಮುನ್ನುಡಿಯಲ್ಲಿ ಅರ್ಧ ವಾಕ್ಯದಲ್ಲಿ ಅದನ್ನು ಹೇಳಿಯೂ ಇದ್ದರು. ಓದದೆ ಮುಂದೆ ಹೋದವರು ನಾವು. ನಮ್ಮ ನಕ್ಷೆಯಲ್ಲಿದ್ದದ್ದು 17ನೆಯ ಶತಮಾನದ ತುರ್ಕಿಯ ಧ್ವನಿ ಬದಲಾವಣೆಯಲ್ಲ, 20ನೆಯ ಶತಮಾನದ ಒಬ್ಬ ಸಂಪಾದಕರ ಎರಡು ನಿರ್ಧಾರಗಳು. ಮೂರು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಧಿ ಮುಗಿಯಲು ಆಗ ಉಳಿದಿದ್ದುದು ಏಳು ತಿಂಗಳು. ವಿದ್ಯಾರ್ಥಿವೇತನವೂ ಅಲ್ಲಿಗೇ ನಿಲ್ಲುವುದಿತ್ತು. ವಿಷಯ ಬದಲಿಸಿ ಸಂವಿಧಾನದ ಎರಡು ಪಠ್ಯಗಳಿಗೆ ಹೋಗುವ ದಾರಿ ತೆರೆದೇ ಇತ್ತು. ಎರಡು ರಾತ್ರಿ ಅದನ್ನೇ ಯೋಚಿಸಿದೆವು.

ಈ ತಪ್ಪನ್ನು ಕನ್ನಡದ ಉದಾಹರಣೆಯಿಂದ ನೋಡಿದರೆ ಅದರ ಗಾತ್ರ ತಿಳಿಯುತ್ತದೆ. ಹಳಗನ್ನಡದ ೞಕಾರ ಲುಪ್ತವಾದದ್ದು ಯಾವಾಗ ಎಂಬ ಪ್ರಶ್ನೆಗೆ ನಮ್ಮ ಮುಖ್ಯ ಸಾಕ್ಷಿ ಶಾಸನಗಳ ಕಾಗುಣಿತ; ೞ ಇರಬೇಕಾದಲ್ಲಿ ಳ, ಳ ಇರಬೇಕಾದಲ್ಲಿ ೞ ಬರೆದ ತಪ್ಪುಗಳೇ ಧ್ವನಿ ಕಳೆದುಹೋದದ್ದನ್ನು ಹೇಳುತ್ತವೆ. 13ನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕಲಿಸಬೇಕಾಗಿ ಬಂದದ್ದೂ ಅದೇ ಕಾರಣಕ್ಕೆ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಈಗ ಶಾಸನ ಸಂಪಾದಕನೊಬ್ಬ ಓದುಗರ ಅನುಕೂಲಕ್ಕೆಂದು ಎಲ್ಲ ೞಗಳನ್ನೂ ಳ ಮಾಡಿ ಮುದ್ರಿಸಿದನೆನ್ನಿ, ಆ ಪುಸ್ತಕವನ್ನು ಹಿಡಿದು ೞಕಾರದ ಚರಿತ್ರೆ ಬರೆಯಲು ಹೊರಟವನನ್ನು ನಾವು ಏನೆಂದು ಕರೆಯುತ್ತಿದ್ದೆವು? ಕನ್ನಡದಲ್ಲಿ ಎಂದೂ ಮಾಡದ ತಪ್ಪನ್ನು ತುರ್ಕಿಯಲ್ಲಿ ಮಾಡಿದ್ದಕ್ಕೆ ಕಾರಣ ಸರಳ. ಲ್ಯಾಟಿನ್ ಅಕ್ಷರದ ತುರ್ಕಿಯೇ ನಮಗೆ ಕಲಿಕೆಯ ಮೊದಲ ದಿನದಿಂದ 'ತುರ್ಕಿ' ಆಗಿತ್ತು. ಅದರ ಕೆಳಗೆ ಇನ್ನೊಂದು ಪದರವಿದೆ ಎಂಬುದು ತಿಳಿದಿದ್ದರೂ ಕೈಗೆ ತಾಗಿರಲಿಲ್ಲ.

4. ಅನ್ಯ ಲಿಪಿಯ ಸಾಕ್ಷಿಗಳು

ಕಾಗುಣಿತ ಮೂಕವಾಗಿರುವಾಗ ಮಾತನಾಡುವ ಸಾಕ್ಷಿಗಳು ಯಾರು? ಒಂದು, ಸ್ವರಚಿಹ್ನೆಗಳನ್ನು ಹಾಕಿ ಬರೆದ ಹಳೆಯ ಹಸ್ತಪ್ರತಿಗಳು. ಅರಬ್ಬಿಯ ಮೂರು ಸ್ವರಚಿಹ್ನೆಗಳು ಎಂಟು ತುರ್ಕಿ ಸ್ವರಗಳಿಗೆ ಸಾಲುವುದಿಲ್ಲವಾದರೂ ಗೋಲ–ಅಗೋಲ ಭೇದವನ್ನು ತೋರಿಸಬಲ್ಲವು. ಅನಾತೋಲಿಯಾದ ಆದಿ ಪಠ್ಯಗಳ ವಿಷಯದಲ್ಲಿ ನಮಗಿರುವ ನಿಶ್ಚಯ ಬಂದದ್ದು ಅಲ್ಲಿಂದ. ಆದರೆ ನಂತರದ ಶತಮಾನಗಳಲ್ಲಿ ಚಿಹ್ನೆ ಹಾಕುವ ರೂಢಿ ತಗ್ಗುತ್ತದೆ. ನಮಗೆ ಬೇಕಾದ ಕಾಲದಲ್ಲಿಯೇ ಆ ದೀಪ ಆರುತ್ತದೆ.

ಎರಡು, ತುರ್ಕಿಯನ್ನು ಬೇರೆ ಲಿಪಿಯಲ್ಲಿ ಬರೆದವರು. ಟ್ರಾನ್ಸಿಲ್ವೇನಿಯಾದಲ್ಲಿ 1438ರಲ್ಲಿ ಸೆರೆಸಿಕ್ಕು ಇಪ್ಪತ್ತು ವರ್ಷ ಒಟೊಮನ್ನರ ನಡುವೆ ಗುಲಾಮನಾಗಿದ್ದ, ಹಂಗೇರಿಯ ಗೆಯೋರ್ಗಿಯುಸ್ ಎಂದು ಪ್ರಸಿದ್ಧನಾದ ಸಂನ್ಯಾಸಿ ತನ್ನ ಲ್ಯಾಟಿನ್ ಗ್ರಂಥದಲ್ಲಿ ಎರಡು ತುರ್ಕಿ ಪದ್ಯಗಳನ್ನು ಲ್ಯಾಟಿನ್ ಅಕ್ಷರದಲ್ಲಿ ಉಳಿಸಿದ್ದಾನೆ. ಫ್ಲಾರೆನ್ಸಿನ ಫಿಲಿಪ್ಪೊ ಅರ್ಜೆಂತಿ 1533ರಲ್ಲಿ ತುರ್ಕಿ ಮಾತನಾಡುವ ಕ್ರಮವನ್ನು ಇಟಾಲಿಯನ್ನಿನಲ್ಲಿ ಬರೆದ. ಹಿರೋನಿಮುಸ್ ಮೆಗಿಜರನ ವ್ಯಾಕರಣ 1612ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚಾಯಿತು. ಮುದ್ರಿತ ತುರ್ಕಿ ವ್ಯಾಕರಣಗಳಲ್ಲಿ ಅದೇ ಮೊದಲನೆಯದು. ಯಾಕಬ್ ಹಾರ್ಶಾನಿ ನಾಗ್ಯ್ ಎಂಬ ಹಂಗೇರಿಯನ್ ದುಭಾಷಿಯ ತುರ್ಕಿ–ಲ್ಯಾಟಿನ್ ಸಂಭಾಷಣೆಗಳು 1672ರಲ್ಲಿ ಪ್ರಕಟವಾದವು. ಮೆನಿನ್ಸ್ಕಿಯ ಬೃಹತ್ ಕೋಶ 1680ರಲ್ಲಿ ವಿಯೆನ್ನಾದಲ್ಲಿ ಹೊರಬಂತು. ಅದರಲ್ಲಿ ಅರಬ್ಬಿ ಅಕ್ಷರದ ಪದದ ಪಕ್ಕದಲ್ಲಿ ಲ್ಯಾಟಿನ್ ಅಕ್ಷರದ ಉಚ್ಚಾರವೂ ಇದೆ. ವಿಗಿಯೇ ಬರೆದ ಫ್ರೆಂಚ್ ವ್ಯಾಕರಣ 1790ರಲ್ಲಿ ಇಸ್ತಾಂಬುಲಿನಲ್ಲಿಯೇ ಅಚ್ಚಾಯಿತು. ತುರ್ಕಿ ಅಧ್ಯಯನದಲ್ಲಿ ಇವುಗಳಿಗೆ 'ಧ್ವನಿಲೇಖನ ಪಠ್ಯಗಳು' ಎಂಬ ಸಾಮಾನ್ಯ ಹೆಸರಿದೆ. ಕೊಂಕಣ ಕರಾವಳಿಯ ಭಾಷೆಗಳನ್ನು ಓದಿದವರಿಗೆ ಇದು ಹೊಸದಲ್ಲ. ಥಾಮಸ್ ಸ್ಟೀಫನ್ಸರ ಮರಾಠಿ 'ಕ್ರಿಸ್ತಪುರಾಣ' 1616ರಲ್ಲಿ ರಾಯ್ತೂರಿನಲ್ಲಿ ಅಚ್ಚಾದದ್ದು ರೋಮನ್ ಲಿಪಿಯಲ್ಲಿ.

ಆದರೆ ಪ್ರತಿ ಸಾಕ್ಷಿಗೂ ಅವನದೇ ಕಿವಿ. ಫ್ಲಾರೆನ್ಸಿನವನ ಮಾತೃಭಾಷೆಯಲ್ಲಿ ಅಗ್ರ ಗೋಲ ಸ್ವರಗಳಿಲ್ಲ. ಅವನು 'ಉ' ಬರೆದಲ್ಲೆಲ್ಲ ಯಾವ ಉಕಾರವೆಂದು ಮತ್ತೆ ಕೇಳಬೇಕು. ಜರ್ಮನ್ ಬಲ್ಲ ಮೆಗಿಜರನಿಗೆ ಅಗ್ರ ಗೋಲ ಸ್ವರಗಳು ಪರಿಚಿತ, ಆದರೆ ಅಗೋಲವಾದ ಪಶ್ಚ ಉಚ್ಚ ಸ್ವರ ಅಪರಿಚಿತ. ಹಾರ್ಶಾನಿಯ ಸ್ಥಿತಿ ಎಲ್ಲರಿಗಿಂತ ಕುತೂಹಲಕರ. ಅವನ ಮಾತೃಭಾಷೆ ಹಂಗೇರಿಯನ್. ಅದರಲ್ಲಿ ಅಗ್ರ ಗೋಲ ಸ್ವರಗಳೂ ಇವೆ, ಸ್ವರಸಾಮರಸ್ಯವೂ ಇದೆ. ಆದ್ದರಿಂದ ಅವನು ಒಳ್ಳೆಯ ಸಾಕ್ಷಿ. ಅದೇ ಕಾರಣಕ್ಕೆ, ಇಲ್ಲದ ಸಾಮರಸ್ಯವನ್ನೂ ಕೇಳಿಸಿಕೊಂಡಿರಬಹುದಾದ ಸಾಕ್ಷಿ. ದ್ಯೊರ್ದ್ ಹಜಾಯ್ ಅವರು 1973ರಲ್ಲಿ ಹಾರ್ಶಾನಿಯ ಪಠ್ಯವನ್ನು ಪ್ರತ್ಯಯದಿಂದ ಪ್ರತ್ಯಯಕ್ಕೆ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ನಮಗೆ ಮಾದರಿಯಾಯಿತು. ಅದನ್ನು ಮೊದಲೇ ಓದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಒಟೊಮನ್ ನಾಡಿನ ಒಳಗಿನವರೇ ಬೇರೆ ಲಿಪಿಯಲ್ಲಿ ಬರೆದ ತುರ್ಕಿಯೂ ಇದೆ, ಮತ್ತು ಅದು ನಮ್ಮ ಅಧ್ಯಯನಕ್ಕೆ ಸಿಗಬೇಕಾದಷ್ಟು ಸ್ಥಾನ ಇನ್ನೂ ಪಡೆದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅನಾತೋಲಿಯಾದ ಆರ್ಥಡಾಕ್ಸ್ ಕ್ರೈಸ್ತರು ಗ್ರೀಕ್ ಅಕ್ಷರದಲ್ಲಿ, ಅರ್ಮೇನಿಯನ್ನರು ಅರ್ಮೇನಿಯನ್ ಅಕ್ಷರದಲ್ಲಿ ತುರ್ಕಿಯನ್ನು ಬರೆದರು, ಅಚ್ಚುಹಾಕಿದರು, ಓದಿದರು. ವಾರ್ತಾನ್ ಪಾಷಾ ಅವರ 'ಅಕಬಿ' ಕಾದಂಬರಿ 1851ರಲ್ಲಿ ಅರ್ಮೇನಿಯನ್ ಅಕ್ಷರದ ತುರ್ಕಿಯಲ್ಲಿಯೇ ಬಂದದ್ದು. ಆಂದ್ರೆಯಾಸ್ ತೀಟ್ಸೆ ಅವರು 1991ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಕ್ಕೆ ತಂದರು. ಅರ್ಮೇನಿಯನ್ ವರ್ಣಮಾಲೆಯಲ್ಲಿ ತುರ್ಕಿಯ ಅಗೋಲ ಪಶ್ಚ ಉಚ್ಚ ಸ್ವರಕ್ಕೆ ಒಗ್ಗುವ ಅಕ್ಷರ ಮೊದಲೇ ಸಿದ್ಧವಾಗಿತ್ತು. ಬರೆಯುವವರು ತಮ್ಮ ನಿತ್ಯದ ಮಾತನ್ನು ಬರೆಯುತ್ತಿದ್ದರು. ಅರಬ್ಬಿ ಕಾಗುಣಿತದ ಭಾರ ಅವರ ಮೇಲೆ ಅಷ್ಟಾಗಿ ಇರಲಿಲ್ಲ. ತುರ್ಕಿ ಧ್ವನಿಚರಿತ್ರೆಯ ಸೂಕ್ಷ್ಮ ಸಾಕ್ಷಿಗಳು ಹೀಗೆ ಗ್ರೀಕ್ ಮತ್ತು ಅರ್ಮೇನಿಯನ್ ಪುಸ್ತಕಗಳ ಕಪಾಟಿನಲ್ಲಿವೆ. ತುರ್ಕಿ ವಿಭಾಗದ ವಿದ್ಯಾರ್ಥಿ ಆ ಕಪಾಟಿನ ಕಡೆ ಹೋಗುವುದು ಅಪರೂಪ. ನಾವೂ ಹೋಗಲಿಲ್ಲ, ಸಮಯವಿರಲಿಲ್ಲ.

5. ಉಳಿದ ಏಳು ತಿಂಗಳು

ವಿಷಯವನ್ನು ಬದಲಿಸಲಿಲ್ಲ, ಕುಗ್ಗಿಸಿದೆವು. ಇಡೀ ಕೃತಿಯ ಬದಲು ಹನ್ನೆರಡು ಪತ್ರಗಳು. ಪುಟವನ್ನು ಮೂರು ಅಂಕಣಗಳಾಗಿ ಮಡಚಿ, ಮೊದಲನೆಯದರಲ್ಲಿ ಅಕ್ಷರಕ್ಕೆ ಅಕ್ಷರ ಲಿಪ್ಯಂತರ, ಎರಡನೆಯದರಲ್ಲಿ ನಮ್ಮ ಓದು, ಮೂರನೆಯದರಲ್ಲಿ ಆ ಓದಿಗೆ ಆಧಾರ. ಮೂರನೆಯ ಅಂಕಣ ಖಾಲಿ ಇದ್ದ ಕಡೆ ಎರಡನೆಯದರಲ್ಲಿ ಸ್ವರ ಬರೆಯಬಾರದು, 'ಉಚ್ಚ ಸ್ವರ' ಎಂಬ ಸಾಮಾನ್ಯ ಚಿಹ್ನೆ ಮಾತ್ರ ಹಾಕಬೇಕು ಎಂಬುದು ನಮಗೆ ನಾವೇ ಹಾಕಿಕೊಂಡ ನಿಯಮ. ಕೆಲಸ ನಿಧಾನ. ಕೆಫ್ ಎಂಬ ಒಂದೇ ಅಕ್ಷರ ಕಕಾರವೂ ಆಗಬಹುದು, ಗಕಾರವೂ ಆಗಬಹುದು, ಅನುನಾಸಿಕ ಙಕಾರವೂ ಆಗಬಹುದು, ಕೆಲವೆಡೆ ಯಕಾರವೂ ಆಗಬಹುದು. 'ಬೇ' ಎಂಬ ಬಿರುದನ್ನು ಬರೆಯುವುದು ಬೇ ಮತ್ತು ಕೆಫ್ ಅಕ್ಷರಗಳಿಂದ. ದಿನಕ್ಕೆ ಅರ್ಧ ಪುಟ ಮುಗಿದರೆ ಆ ದಿನ ಚೆನ್ನಾಗಿ ಹೋಯಿತೆಂದು ಅರ್ಥ. ರೆಡ್‌ಹೌಸ್ 1890ರಲ್ಲಿ ಪ್ರಕಟಿಸಿದ ತುರ್ಕಿ–ಇಂಗ್ಲಿಷ್ ಕೋಶ ಮತ್ತು ಎಂಟು ಸಂಪುಟಗಳ 'ತರಾಮಾ ಸೊಜ್ಲುಯು' ಎಡಬಲಕ್ಕೆ ಸದಾ ತೆರೆದಿರುತ್ತಿದ್ದವು.

ಕಾಲನಿರ್ಣಯದಲ್ಲೂ ಒಮ್ಮೆ ಕಾಲು ಜಾರುವುದರಲ್ಲಿತ್ತು, ಅದು ಬೇರೊಂದು ಪೂರಕ ದಾಖಲೆಯ ವಿಷಯ. ಹಿಜರಿ ಚಾಂದ್ರಮಾನದ ಜೊತೆಗೆ ಒಟೊಮನ್ ಆಡಳಿತ 19ನೆಯ ಶತಮಾನದಲ್ಲಿ 'ರೂಮಿ' ಎಂಬ ಸೌರಮಾನವನ್ನೂ ಬಳಸುತ್ತಿತ್ತು. ಚರಿತ್ರೆಯಲ್ಲಿ 'ಮಾರ್ಚ್ 31ರ ಘಟನೆ' ಎಂದು ಹೆಸರಾದದ್ದು ರೂಮಿ 1325ರ ಮಾರ್ಚ್ 31. ನಮ್ಮ ಪಂಚಾಂಗಕ್ಕೆ ಅದು 1909ರ ಏಪ್ರಿಲ್ 13. ತಿಂಗಳ ಹೆಸರು ಒಂದೇ ಎಂದು ನಂಬಿದವನು ಹದಿಮೂರು ದಿನ ಹಿಂದೆ ಬೀಳುತ್ತಾನೆ.

ಹನ್ನೆರಡು ಪತ್ರಗಳಿಂದ ಬಂದ ಫಲ ಚಿಕ್ಕದು. ಪ್ರತ್ಯಯಗಳ ಬರಹದಲ್ಲಿ ಹಳೆಯ ಕಾಗುಣಿತವನ್ನು ಮೀರಿದ ಪ್ರಯೋಗಗಳು ಕೆಲವೇ. ಲಿಪಿಕಾರ ಜಾರಿದ ಆ ಕೆಲವು ಕಡೆಗಳನ್ನು ಹಾರ್ಶಾನಿ ಮತ್ತು ಮೆನಿನ್ಸ್ಕಿಯರ ರೂಪಗಳೊಡನೆ ಇಟ್ಟು ನೋಡಿದೆವು. ಉಳಿದ ಬಹುಪಾಲು ಸ್ಥಾನಗಳಲ್ಲಿ ಮೂರನೆಯ ಅಂಕಣ ಖಾಲಿಯೇ ಉಳಿಯಿತು. ಮೊದಲ ನಕ್ಷೆಯ ಒಂದು ಗೆರೆಯೂ ಹೊಸ ಸಂಪ್ರಬಂಧಕ್ಕೆ ಬರಲಿಲ್ಲ. ಆ ನಕ್ಷೆಯನ್ನು ಮಾತ್ರ ಅನುಬಂಧವಾಗಿ, ಅದು ಹೇಗೆ ಹುಟ್ಟಿತು ಎಂಬ ವಿವರಣೆಯೊಂದಿಗೆ ಸೇರಿಸುವಂತೆ ಮಾರ್ಗದರ್ಶಕರು ಹೇಳಿದರು. ನಮಗೆ ಇಷ್ಟವಿರಲಿಲ್ಲ, ಸೇರಿಸಿದೆವು.

ಮೌಖಿಕ ಪರೀಕ್ಷೆಯಲ್ಲಿ ಮೂವರು ಪರೀಕ್ಷಕರಿದ್ದರು. ಒಬ್ಬರು, ಖಾಲಿ ಅಂಕಣಗಳಿರುವ ಸಂಪ್ರಬಂಧವನ್ನು ಪೂರ್ಣಗೊಂಡದ್ದೆಂದು ಹೇಗೆ ಪರಿಗಣಿಸಬೇಕು ಎಂದು ಕೇಳಿದರು. ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಇನ್ನೊಬ್ಬರು ಕಾವ್ಯ ಸಂಪಾದನೆಯಲ್ಲಿ ನುರಿತವರು. ಅವರು ಪ್ರಶ್ನೆ ಕೇಳುವ ಬದಲು ಪ್ರತಿಚಿತ್ರದ ಒಂಬತ್ತನೆಯ ಪುಟವನ್ನು ತೆರೆದು, ಹನ್ನೊಂದನೆಯ ಸಾಲಿನ ಒಂದು ಪದವನ್ನು ತೋರಿಸಿ, ನಾವು 'ವಾವ್' ಎಂದು ಓದಿದ್ದು 'ರೇ' ಅಕ್ಷರ ಎಂದರು. ನೋಡಿದೆವು, ಅವರು ಹೇಳಿದ್ದು ಸರಿಯಾಗಿತ್ತು. ಸಂಪ್ರಬಂಧವನ್ನು ಗ್ರಂಥಾಲಯಕ್ಕೆ ಒಪ್ಪಿಸುವ ಮುನ್ನ ಆ ಪದವನ್ನು ತಿದ್ದಿ, ಸೂಚಿಯಲ್ಲಿ ಅದರ ಸ್ಥಾನವನ್ನು ಬದಲಿಸಿ, ಎಣಿಕೆಯಿಂದ ಒಂದನ್ನು ಕಳೆದೆವು.